ಕತ್ತಲೆಕೋಣೆಯಿಂದ ಗಣಕಯಂತ್ರದವರೆಗೆ: ಒಂದು ಸ್ಟುಡಿಯೋ ಮೇಜಿನ ಚರಿತ್ರೆ

ಚರಿತ್ರೆಯೆಂದರೆ ಅರಸರ ವಂಶಾವಳಿ, ಯುದ್ಧಗಳ ಇಸವಿ, ಶಾಸನಗಳ ಪಾಠ ಎಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಆದರೆ ಪೇಟೆಬೀದಿಯ ಒಂದು ಸಣ್ಣ ಅಂಗಡಿಯ ಮೇಜಿಗೂ ಚರಿತ್ರೆಯುಂಟು. ಆ ಮೇಜಿನ ಮೇಲೆ ಯಾವ ಯಂತ್ರವಿತ್ತು, ಅದನ್ನು ಏಕೆ ಕೊಂಡರು, ಏಕೆ ಬಿಸುಟರು ಎಂಬುದನ್ನು ಕ್ರಮವಾಗಿ ಬರೆಯುತ್ತ ಹೋದರೆ ಒಂದು ಊರಿನ ಜನ ತಮ್ಮ ನೆನಪುಗಳನ್ನು ಹೇಗೆ ಕಾಪಾಡಿಕೊಂಡರು, ಹೇಗೆ ಕಳೆದುಕೊಂಡರು ಎಂಬುದು ತಾನಾಗಿಯೇ ತಿಳಿದುಬರುತ್ತದೆ. ಛಾಯಾಚಿತ್ರಗಳ ಸ್ಟುಡಿಯೋ ಅಂಥ ಒಂದು ಅಂಗಡಿ.

ಹಾಸನ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರ ಪ್ರೌಢಶಾಲೆಯಲ್ಲಿ ನಾನು ಬಹಳ ವರ್ಷ ಸಮಾಜವಿಜ್ಞಾನದ ಅಧ್ಯಾಪಕನಾಗಿದ್ದೆ. ನನ್ನ ಶಿಷ್ಯರಲ್ಲಿ ಒಬ್ಬನು ತಂದೆಯ ಸ್ಟುಡಿಯೋವನ್ನು ವಹಿಸಿಕೊಂಡು ಇಂದಿಗೂ ನಡೆಸುತ್ತಿದ್ದಾನೆ. ಹೊಸ ಕಂಪ್ಯೂಟರ್ ಕೊಳ್ಳುವಾಗಲೆಲ್ಲ ಅವನು ಅಂಗಡಿಯವರು ಕೊಟ್ಟ ಬೆಲೆಪಟ್ಟಿಯನ್ನು ಹಿಡಿದುಕೊಂಡು ನಮ್ಮ ಮನೆಗೆ ಬರುವ ರೂಢಿ. ನಾನೇನೂ ಗಣಕಯಂತ್ರದ ಪಂಡಿತನಲ್ಲ. ಗುಣಾಕಾರ, ಭಾಗಾಕಾರ ಬಲ್ಲೆ, ಓದಿ ತಿಳಿದುಕೊಳ್ಳುವ ಹವ್ಯಾಸವಿದೆ, ಅಷ್ಟೆ. ಇಪ್ಪತ್ತು ವರ್ಷಗಳಿಂದ ಹೀಗೆ ಅವನೊಡನೆ ಕುಳಿತು ಹಾಕಿದ ಲೆಕ್ಕಗಳೇ ಈ ಲೇಖನಕ್ಕೆ ಆಧಾರ.

ಬೆಳ್ಳಿಯ ಕಾಲ

ಛಾಯಾಗ್ರಹಣವು 1839ರಲ್ಲಿ ಜಗತ್ತಿಗೆ ಪ್ರಕಟವಾಯಿತು. ಹದಿನೈದು ವರ್ಷಗಳೊಳಗೆ ಅದು ನಮ್ಮ ಜಿಲ್ಲೆಯನ್ನೂ ಮುಟ್ಟಿತು. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದ ಅಧಿಕಾರಿ ಲಿನಿಯಸ್ ಟ್ರೈಪ್ 1854ರ ಕೊನೆಯಲ್ಲಿ ಹಳೇಬೀಡು, ಬೇಲೂರು, ಶ್ರವಣಬೆಳಗೊಳಗಳಿಗೆ ಬಂದು ದೇವಾಲಯಗಳ ಚಿತ್ರಗಳನ್ನು ತೆಗೆದನು. ಅವನು ಬಳಸಿದ್ದು ಕಾಗದದ ನೆಗೆಟಿವ್. ಗಾಜೂ ಅಲ್ಲದ, ಫಿಲ್ಮೂ ಅಲ್ಲದ ಆ ಕಾಗದದಿಂದ ಮೂಡಿದ ಚಿತ್ರಗಳು ನೂರ ಎಪ್ಪತ್ತು ವರ್ಷ ಕಳೆದರೂ ಸಂಗ್ರಹಾಲಯಗಳಲ್ಲಿ ಉಳಿದಿವೆ. ಈ ಸಂಗತಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಮುಂದೆ ಇದರ ಪ್ರಸ್ತಾಪ ಬರುತ್ತದೆ.

ನನ್ನ ಶಿಷ್ಯನ ತಂದೆಯ ಕಾಲದಲ್ಲಿ ಸ್ಟುಡಿಯೋದ ಹೃದಯವೆಂದರೆ ಕತ್ತಲೆಕೋಣೆ. ಕೆಂಪು ದೀಪ, ಡೆವಲಪರ್, ಹೈಪೋ ತುಂಬಿದ ತಟ್ಟೆಗಳು, ದಾರಕ್ಕೆ ಕ್ಲಿಪ್ಪು ಹಾಕಿ ತೂಗುಬಿಟ್ಟ ಪ್ರಿಂಟುಗಳು, ಗೋಡೆಯ ಪಕ್ಕಕ್ಕೆ ಒಂದು ಎನ್‌ಲಾರ್ಜರ್. ಪಕ್ಕದ ಕಿಟಕಿಯ ಬಳಿ ಇಳಿಜಾರಾದ ಒಂದು ಹಲಗೆ. ಅದರ ಮೇಲೆ ನೆಗೆಟಿವ್ ಇಟ್ಟು, ಸೂಜಿಯಂತೆ ಚೂಪು ಮಾಡಿದ ಪೆನ್ಸಿಲ್ಲಿನಿಂದ ಮುಖದ ಮೊಡವೆ, ಸುಕ್ಕುಗಳನ್ನು ತಿದ್ದುತ್ತಿದ್ದರು. ಇಂದು ಫೋಟೋಶಾಪಿನಲ್ಲಿ ಮಾಡುವ ಕೆಲಸವೇ ಅದು. ಸಾಧನ ಮಾತ್ರ ಬೇರೆ. ಉದಕಮಂಡಲದಲ್ಲಿ ಭಾರತ ಸರ್ಕಾರ 1960ರಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಹೆಸರಿನ ಫಿಲ್ಮು, ಕಾಗದಗಳು ಅಂದು ಊರೂರಿನ ಸ್ಟುಡಿಯೋಗಳ ಕಪಾಟಿನಲ್ಲಿರುತ್ತಿದ್ದವು.

ಆ ಹಿರಿಯರು ಒಮ್ಮೆ ನನಗೆ ಹೇಳಿದ ಮಾತೊಂದಿದೆ: “ಮೇಷ್ಟ್ರೇ, ಎಲ್ಲರೂ ಕ್ಯಾಮೆರಾಗೆ ದುಡ್ಡು ಸುರೀತಾರೆ. ಎನ್‌ಲಾರ್ಜರ್ ಲೆನ್ಸು ಅಗ್ಗದ್ದು ತರ್ತಾರೆ. ಎಂಥಾ ಕ್ಯಾಮೆರಾದಲ್ಲಿ ತೆಗೆದ್ರೂ ಚಿತ್ರ ಆ ಅಗ್ಗದ ಲೆನ್ಸಿನಿಂದಲೇ ಇಳೀಬೇಕಲ್ಲ?” ಸರಪಳಿಯ ಬಲ ಅದರ ಅತಿ ದುರ್ಬಲವಾದ ಕೊಂಡಿಯಷ್ಟೇ ಎಂಬ ತತ್ತ್ವವನ್ನು ಅವರು ಯಾವ ಪುಸ್ತಕದಿಂದಲೂ ಕಲಿತವರಲ್ಲ. ಮುಂದಿನ ಅರ್ಧ ಶತಮಾನದ ಯಂತ್ರಗಳ ಚರಿತ್ರೆಗೆ ಈ ಮಾತೇ ಸೂತ್ರವೆಂದು ನನಗೆ ಅನ್ನಿಸುತ್ತದೆ. ಪ್ರತಿ ದಶಕದಲ್ಲೂ ದುರ್ಬಲವಾದ ಕೊಂಡಿ ಬದಲಾಗಿದೆ. ಅದನ್ನು ಗುರುತಿಸಿದವರು ಉಳಿದಿದ್ದಾರೆ.

ಅಂಕೆಗಳ ಆಗಮನ

ಅಮೆರಿಕದ ರಾಚೆಸ್ಟರ್ ನಗರದ ಕೊಡಾಕ್ ಕಂಪನಿಯಲ್ಲಿ ಸ್ಟೀವನ್ ಸ್ಯಾಸನ್ ಎಂಬ ತರುಣ ಎಂಜಿನಿಯರ್ 1975ರ ಡಿಸೆಂಬರ್ ತಿಂಗಳಲ್ಲಿ ಫಿಲ್ಮಿಲ್ಲದ ಕ್ಯಾಮೆರಾ ಒಂದನ್ನು ಮಾಡಿ ತೋರಿಸಿದನು. ತೂಕ ಸುಮಾರು ಮೂರೂವರೆ ಕಿಲೋ. ಚಿತ್ರದಲ್ಲಿದ್ದದ್ದು ನೂರಕ್ಕೆ ನೂರು, ಅಂದರೆ 10,000 ಬಿಂದುಗಳು ಮಾತ್ರ. ಆ ಒಂದು ಚಿತ್ರ ಕ್ಯಾಸೆಟ್ ಟೇಪಿಗೆ ಇಳಿಯಲು 23 ಸೆಕೆಂಡು ಬೇಕಾಗುತ್ತಿತ್ತು. ಗಮನಿಸಿ: ಮೊದಲ ದಿನದಿಂದಲೇ ಚಿತ್ರ ತೆಗೆಯುವುದಕ್ಕಿಂತ ಅದನ್ನು ಶೇಖರಿಸಿಡುವುದಕ್ಕೇ ಹೆಚ್ಚು ಕಾಲ ಹಿಡಿಯಿತು.

ಅದೇ ಕೊಡಾಕ್ 1991ರಲ್ಲಿ ನಿಕಾನ್ ಎಫ್3 ಕ್ಯಾಮೆರಾದ ಒಡಲಿಗೆ 13 ಲಕ್ಷ ಬಿಂದುಗಳ ಸಂವೇದಕವನ್ನು ಜೋಡಿಸಿ ವೃತ್ತಿಪರರಿಗೆ ಮಾರಿತು. ಛಾಯಾಗ್ರಾಹಕನು 200 ಎಂಬಿ ಹಾರ್ಡ್ ಡಿಸ್ಕ್ ಇದ್ದ ಒಂದು ಪೆಟ್ಟಿಗೆಯನ್ನು ಹೆಗಲಿಗೆ ನೇತುಹಾಕಿಕೊಂಡು ಓಡಾಡಬೇಕಿತ್ತು. ಅದರಲ್ಲಿ ಹಿಡಿಸುತ್ತಿದ್ದದ್ದು 156 ಚಿತ್ರಗಳು. ಈ ನಡುವೆ ಥಾಮಸ್ ಮತ್ತು ಜಾನ್ ನೋಲ್ ಎಂಬ ಸಹೋದರರು ರೂಪಿಸಿದ ಫೋಟೋಶಾಪ್ 1990ರಲ್ಲಿ ಮೆಕಿಂಟಾಷ್ ಗಣಕಗಳಿಗಾಗಿ ಬಂತು; ವಿಂಡೋಸ್‌ಗೆ ಬಂದದ್ದು ಆಮೇಲೆ. ಚಿತ್ರದ ಕಡತವನ್ನು ಕುಗ್ಗಿಸುವ ಜೆಪೆಗ್ ಮಾನದಂಡ 1992ರಲ್ಲಿ ಸಿದ್ಧವಾಯಿತು. ಹೀಗೆ ಕ್ಯಾಮೆರಾ, ತಿದ್ದುವ ತಂತ್ರಾಂಶ, ಶೇಖರಣೆಯ ವಿಧಾನ ಮೂರೂ ಎರಡೇ ವರ್ಷಗಳ ಅಂತರದಲ್ಲಿ ಕೂಡಿಬಂದವು. ಬೆಲೆ ಮಾತ್ರ ನಮ್ಮವರ ಎಟುಕಿಗೆ ಇರಲಿಲ್ಲ.

ಎಟುಕಿಗೆ ಬಂದದ್ದು 2003ರಲ್ಲಿ. ಕ್ಯಾನನ್ ಕಂಪನಿಯ 300ಡಿ ಎಂಬ 63 ಲಕ್ಷ ಬಿಂದುಗಳ ಕ್ಯಾಮೆರಾ ಅಮೆರಿಕದಲ್ಲಿ ಸಾವಿರ ಡಾಲರಿಗಿಂತ ಕಡಿಮೆ ಬೆಲೆಗೆ ಬಿಡುಗಡೆಯಾಯಿತು. ಮರುವರ್ಷ ನಿಕಾನ್ ಡಿ70 ಬಂತು. ನಮ್ಮ ಊರಿನಲ್ಲೂ ಮದುವೆಯ ಮನೆಯವರು “ಡಿಜಿಟಲ್ ಇದೆಯೇ?” ಎಂದು ಕೇಳತೊಡಗಿದರು. ಅದುವರೆಗೆ ಬಣ್ಣದ ಸುರುಳಿಗಳನ್ನು ಬಸ್ಸಿನಲ್ಲಿ ಮೈಸೂರಿನ ಲ್ಯಾಬಿಗೆ ಕಳುಹಿಸಿ ಎರಡು ದಿನ ಕಾಯುತ್ತಿದ್ದ ನನ್ನ ಶಿಷ್ಯ 2004ರಲ್ಲಿ ಮೊದಲ ಬಾರಿಗೆ ಬೆಲೆಪಟ್ಟಿ ಹಿಡಿದುಕೊಂಡು ಬಂದನು.

ಗಿಗಾಹರ್ಟ್ಸ್ ಎಂಬ ಮರೀಚಿಕೆ

ಬೆಂಗಳೂರಿನ ಎಸ್.ಪಿ. ರಸ್ತೆಯನ್ನು ಬಲ್ಲದವರು ವಿರಳ. ಸಾದರ ಪತ್ರಪ್ಪ ರಸ್ತೆಯೆಂಬುದು ಅದರ ಪೂರ್ಣ ನಾಮಧೇಯ. ಬಿಡಿಭಾಗಗಳನ್ನು ಆರಿಸಿ, ಜೋಡಿಸಿ, ‘ಅಸೆಂಬಲ್ಡ್’ ಕಂಪ್ಯೂಟರ್ ಮಾಡಿಕೊಡುವ ಅಂಗಡಿಗಳ ಸಾಲು ಅಲ್ಲಿದೆ. ಶಿಷ್ಯನ ಕೈಯಲ್ಲಿದ್ದ ಪಟ್ಟಿಯೂ ಆ ಬೀದಿಯದೇ. ಮೇಲಿನ ಸಾಲಿನಲ್ಲಿ ಪೆಂಟಿಯಂ 4, 3 ಗಿಗಾಹರ್ಟ್ಸ್ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಅದರ ಕೆಳಗೆ, ಯಾರೂ ಕೇಳದ ಹಾಗೆ, ರ್‍ಯಾಮ್ 256 ಎಂಬಿ ಎಂದಿತ್ತು.

ನಾವು ಲೆಕ್ಕಕ್ಕೆ ಕುಳಿತೆವು. ಆ ಕ್ಯಾಮೆರಾದ ಚಿತ್ರದ ಅಗಲ 3072 ಬಿಂದು, ಎತ್ತರ 2048 ಬಿಂದು. ಗುಣಿಸಿದರೆ 62,91,456. ಪ್ರತಿ ಬಿಂದುವಿಗೂ ಕೆಂಪು, ಹಸಿರು, ನೀಲಿ ಎಂದು ಮೂರು ಬೈಟುಗಳು. ಒಟ್ಟು ಸರಿಯಾಗಿ 18 ಎಂಬಿ. ಮೆಮೊರಿ ಕಾರ್ಡಿನಲ್ಲಿ ಜೆಪೆಗ್ ರೂಪದಲ್ಲಿ ಎರಡು ಮೂರು ಎಂಬಿಯಷ್ಟೇ ಇದ್ದ ಕಡತವು ಫೋಟೋಶಾಪಿನಲ್ಲಿ ತೆರೆದೊಡನೆ ಹೀಗೆ ಹಿಗ್ಗುತ್ತದೆ. ಒಂದು ಪದರ ಸೇರಿಸಿದರೆ ಇನ್ನೊಂದು 18. ಮಾಡಿದ್ದನ್ನು ರದ್ದುಪಡಿಸಿ ಹಿಂದಕ್ಕೆ ಮರಳಲು ತಂತ್ರಾಂಶವು ಹಳೆಯ ಹಂತಗಳನ್ನೂ ನೆನಪಿಟ್ಟುಕೊಳ್ಳಬೇಕು. ಇನ್ನು ನಮ್ಮಲ್ಲಿ ರೂಢಿಗೆ ಬಂದ 12 ಅಂಗುಲ ಎತ್ತರ, 36 ಅಂಗುಲ ಅಗಲದ ಮದುವೆ ಆಲ್ಬಮ್ಮಿನ ಜೋಡಿಪುಟವನ್ನು ನೋಡೋಣ. ಅಂಗುಲಕ್ಕೆ 300 ಬಿಂದುಗಳಂತೆ 3600 ಗುಣಿಸು 10,800. ಅಂದರೆ 3,88,80,000 ಬಿಂದುಗಳು. ಮೂರರಿಂದ ಗುಣಿಸಿದರೆ ಒಂದೇ ಪದರಕ್ಕೆ ಸುಮಾರು 111 ಎಂಬಿ. ವಿಂಡೋಸ್ ಎಕ್ಸ್‌ಪಿಯೂ ತನ್ನ ಪಾಲನ್ನು ಕೇಳುತ್ತದೆ. 256 ಎಂಬಿಯ ಮನೆಯಲ್ಲಿ ಈ ಅತಿಥಿಗಳಿಗೆಲ್ಲ ಜಾಗವೆಲ್ಲಿ?

ಜಾಗವಿಲ್ಲದಾಗ ಗಣಕವು ನಿಲ್ಲುವುದಿಲ್ಲ. ರ್‍ಯಾಮಿನಲ್ಲಿ ಹಿಡಿಸದ್ದನ್ನು ಹಾರ್ಡ್ ಡಿಸ್ಕಿಗೆ ಬರೆದು, ಬೇಕಾದಾಗ ಮತ್ತೆ ತರುತ್ತದೆ. ಆಗಿನ ಡಿಸ್ಕುಗಳು ನಿಮಿಷಕ್ಕೆ 7200 ಸುತ್ತು ತಿರುಗುತ್ತಿದ್ದವು, ಅಂದರೆ ಸೆಕೆಂಡಿಗೆ 120. ಬೇಕಾದ ಸ್ಥಳ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಅದೇ ನಾಲ್ಕು ಮಿಲಿಸೆಕೆಂಡಿಗಿಂತ ತುಸು ಹೆಚ್ಚು. ಮುಳ್ಳು ಚಲಿಸುವ ಕಾಲವನ್ನೂ ಕೂಡಿಸಿದರೆ ರ್‍ಯಾಮಿಗಿಂತ ಸುಮಾರು ಲಕ್ಷ ಪಟ್ಟು ನಿಧಾನ. ಆ ಹೊತ್ತಿನಲ್ಲಿ ಪ್ರೊಸೆಸರು 3 ಗಿಗಾಹರ್ಟ್ಸ್ ಆಗಿದ್ದರೇನು, 2 ಆಗಿದ್ದರೇನು? ಅಡುಗೆಭಟ್ಟ ಎಷ್ಟೇ ಚುರುಕಾಗಿದ್ದರೂ ತರಕಾರಿ ಸಂತೆಯಿಂದ ಬರಬೇಕಷ್ಟೆ.

“ಹಾಗಾದ್ರೆ ಏನ್ ಮಾಡ್ಲಿ ಸಾರ್?” ಎಂದು ಕೇಳಿದನು.

“ಪ್ರೊಸೆಸರ್ ಒಂದು ಮೆಟ್ಟಿಲು ಇಳಿಸಪ್ಪ. ಉಳಿದ ಹಣಕ್ಕೆ ರ್‍ಯಾಮ್ ಒಂದು ಜಿಬಿ ಮಾಡಿಸು” ಎಂದೆ. ಹಾಗೆಯೇ ಮಾಡಿಸಿದನು. ಊರಿನ ಉಳಿದ ಎರಡು ಸ್ಟುಡಿಯೋಗಳಲ್ಲಿ ದುಬಾರಿ ಯಂತ್ರಗಳಿದ್ದರೂ ಆಲ್ಬಮ್ ಕೆಲಸ ಇವನಲ್ಲೇ ಬೇಗ ಮುಗಿಯುತ್ತಿತ್ತು.

ಎರಡು ವರ್ಷಗಳಲ್ಲಿ ಚರಿತ್ರೆಯೇ ಈ ಮಾತಿಗೆ ಸಾಕ್ಷಿ ನುಡಿಯಿತು. ಇಂಟೆಲ್ ಕಂಪನಿ 2006ರಲ್ಲಿ ಹೊರತಂದ ಕೋರ್ 2 ಡ್ಯುಯೊ ಪ್ರೊಸೆಸರುಗಳ ಗಿಗಾಹರ್ಟ್ಸ್ ಸಂಖ್ಯೆ ಪೆಂಟಿಯಂ 4ಕ್ಕಿಂತ ಕಡಿಮೆ. ಕೆಲಸ ಮಾತ್ರ ಹೆಚ್ಚು. ಗಡಿಯಾರದ ವೇಗವೊಂದೇ ಯಂತ್ರದ ಯೋಗ್ಯತೆಯಲ್ಲವೆಂದು ತಯಾರಕರೇ ಒಪ್ಪಿದಂತಾಯಿತು.

ರ್‍ಯಾಮಿಗೂ ಒಂದು ಗಡಿಯಿತ್ತು. 32 ಬಿಟ್ಟಿನ ವ್ಯವಸ್ಥೆಯಲ್ಲಿ ವಿಳಾಸ ಕೊಡಬಹುದಾದ ಸ್ಥಳಗಳ ಸಂಖ್ಯೆ ಎರಡರ ಮೂವತ್ತೆರಡನೆಯ ಘಾತ, ಅಂದರೆ 4 ಜಿಬಿ. ವಿಳಾಸವಿಲ್ಲದ ಮನೆಗೆ ಅಂಚೆ ಮುಟ್ಟದು. ನಾಲ್ಕರ ಮೇಲೆ ಎಷ್ಟು ತುಂಬಿದರೂ ವ್ಯರ್ಥ. ಫೋಟೋಶಾಪ್ ವಿಂಡೋಸಿನಲ್ಲಿ 64 ಬಿಟ್ಟಿಗೆ ದಾಟಿದ್ದು 2008ರ ಸಿಎಸ್4 ಆವೃತ್ತಿಯಲ್ಲಿ. ಅಲ್ಲಿಂದ ಮುಂದೆ ಗೋಡೆ ಬಿತ್ತು.

ಸಾಗಣೆಯ ದಾರಿ

ರ್‍ಯಾಮಿನ ತೊಡಕು ಕಳೆದ ಮೇಲೆ ದುರ್ಬಲ ಕೊಂಡಿ ಬೇರೆಡೆಗೆ ಸರಿಯಿತು. ಫಿಲ್ಮಿನ ಕಾಲದಲ್ಲಿ ಒಂದು ಸುರುಳಿಗೆ 36 ಚಿತ್ರಗಳು. ಮದುವೆಗೆ ನಾಲ್ಕೋ ಐದೋ ಸುರುಳಿ. ಒಂದೊಂದು ಚಿತ್ರಕ್ಕೂ ಕಾಸು ಬೀಳುತ್ತಿದ್ದುದರಿಂದ ಛಾಯಾಗ್ರಾಹಕ ಯೋಚಿಸಿ ಗುಂಡಿ ಒತ್ತುತ್ತಿದ್ದ. ಡಿಜಿಟಲ್ ಬಂದಮೇಲೆ ಎಣಿಕೆ ತಪ್ಪಿತು. ಸಾವಿರ, ಎರಡು ಸಾವಿರ ಚಿತ್ರಗಳು ಸಾಮಾನ್ಯವಾದವು. ಅವನ್ನೆಲ್ಲ ಕಾರ್ಡಿನಿಂದ ಗಣಕಕ್ಕೆ ಇಳಿಸಬೇಕಲ್ಲ?

ಮೊದಲ ತಲೆಮಾರಿನ ಯುಎಸ್‌ಬಿ ದಾರಿಯ ಗರಿಷ್ಠ ವೇಗ ಸೆಕೆಂಡಿಗೆ 12 ಮೆಗಾಬಿಟ್, ಅಂದರೆ ಒಂದೂವರೆ ಎಂಬಿ. ಒಂದು ಜಿಬಿಯ ಕಾರ್ಡು ಖಾಲಿಯಾಗಲು ಪುಸ್ತಕದ ಲೆಕ್ಕದಲ್ಲೇ ಹನ್ನೊಂದು ನಿಮಿಷ ದಾಟುತ್ತದೆ. 2000ದಲ್ಲಿ ರೂಪುಗೊಂಡ ಎರಡನೆಯ ಯುಎಸ್‌ಬಿ ಅದರ ನಲವತ್ತು ಪಟ್ಟು, 480 ಮೆಗಾಬಿಟ್. ಆದರೂ ಹಳೆಯ ಕಾರ್ಡ್ ರೀಡರನ್ನೇ ಹೊಸ ಯಂತ್ರಕ್ಕೆ ಚುಚ್ಚಿ, “ಕಂಪ್ಯೂಟರ್ ಸ್ಲೋ” ಎಂದು ಗೊಣಗುತ್ತಿದ್ದವರನ್ನು ನಾನೇ ಕಂಡಿದ್ದೇನೆ. ಕೆಲವು ನೂರು ರೂಪಾಯಿಗಳ ಒಂದು ರೀಡರು ಮಾಡಬಹುದಾದ ಉಪಕಾರವನ್ನು ಸಾವಿರಾರು ರೂಪಾಯಿಗಳ ಪ್ರೊಸೆಸರು ಮಾಡಲಾರದು.

ಇನ್ನೊಂದು ದೊಡ್ಡ ಪಲ್ಲಟವೆಂದರೆ ತಿರುಗುವ ತಟ್ಟೆಯೇ ಇಲ್ಲದ ಎಸ್‌ಎಸ್‌ಡಿ. 2008ರ ಸುಮಾರಿಗೆ ಸಾಮಾನ್ಯ ಗಣಕಗಳಿಗೆಂದು ಮಾರುಕಟ್ಟೆಗೆ ಬಂದಾಗ ಅದರ ಬೆಲೆ ವಿಪರೀತವಾಗಿತ್ತು. ವರ್ಷಗಳು ಕಳೆದಂತೆ ಇಳಿಯಿತು. ನನ್ನ ಶಿಷ್ಯ ತನ್ನ ಹಳೆಯ ಯಂತ್ರಕ್ಕೆ ಅದನ್ನು ಹಾಕಿಸಿದ ದಿನ, ಸಾವಿರ ಚಿತ್ರಗಳ ಪುಟ್ಟ ಪ್ರತಿರೂಪಗಳು ಪರದೆಯ ಮೇಲೆ ಸರಸರನೆ ಮೂಡಿದ್ದನ್ನು ತೋರಿಸಲು ನನ್ನನ್ನು ಅಂಗಡಿಗೇ ಕರೆದೊಯ್ದನು. ಹೊಸ ಗಣಕವನ್ನೇ ಕೊಂಡಷ್ಟು ಸಂಭ್ರಮ ಅವನಿಗೆ.

ಅರಿಸಿನ, ಕುಂಕುಮ ಮತ್ತು ಪರದೆ

ಕ್ಯಾಥೋಡ್ ಕಿರಣದ ದಪ್ಪ ಮಾನಿಟರುಗಳು ಹೋಗಿ ತೆಳ್ಳಗಿನ ಎಲ್‌ಸಿಡಿ ಪರದೆಗಳು ಬಂದಾಗ ಎಲ್ಲರೂ ಹಿಗ್ಗಿದರು. ಮೇಜಿನ ಮೇಲೆ ಜಾಗ ಉಳಿಯಿತು, ಕಣ್ಣಿಗೂ ಹಿತ. ಆದರೆ ಅಗ್ಗದ ಎಲ್‌ಸಿಡಿಗಳಲ್ಲಿ ಹೆಚ್ಚಿನವು ಟಿಎನ್ ಎಂಬ ಜಾತಿಯವು. ತಲೆಯನ್ನು ತುಸು ಮೇಲೆ ಕೆಳಗೆ ಮಾಡಿದರೆ ಬಣ್ಣವೇ ಬದಲಾಗುತ್ತದೆ. ಅವುಗಳಲ್ಲಿ ಹಲವು ಪ್ರತಿ ಬಣ್ಣಕ್ಕೆ 64 ಛಾಯೆಗಳನ್ನು ಮಾತ್ರ ನೇರವಾಗಿ ತೋರಬಲ್ಲವು. ಮೂರೂ ಗುಣಿಸಿದರೆ 2,62,144 ಬಣ್ಣಗಳು. ಚಿತ್ರದ ಕಡತದಲ್ಲಿರುವುದೋ ಪ್ರತಿ ಬಣ್ಣಕ್ಕೆ 256 ಛಾಯೆಗಳು, ಒಟ್ಟು 1,67,77,216.

ಇದರ ಪರಿಣಾಮ ಏನು? ಮದುವೆಯ ಚಿತ್ರವೆಂದರೆ ಅರಿಸಿನ, ಕುಂಕುಮ, ಮೈಸೂರು ರೇಷ್ಮೆಯ ಕೆಂಪು, ಜರಿ, ಮಲ್ಲಿಗೆಯ ಬಿಳುಪು. ಪರದೆಯ ಮೇಲೆ ವಧುವಿನ ಮುಖ ಬೆಳಗುತ್ತಿರುತ್ತದೆ. ಲ್ಯಾಬಿನಿಂದ ಬಂದ ಪ್ರಿಂಟಿನಲ್ಲಿ ಕಪ್ಪಾಗಿರುತ್ತದೆ. ಲ್ಯಾಬಿನವರನ್ನು ಬೈದು ಪ್ರಯೋಜನವಿಲ್ಲ. ಹೊಸ ಪರದೆಗಳನ್ನು ಅಂಗಡಿಯಲ್ಲಿ ಕಣ್ಸೆಳೆಯಲೆಂದು ಅತಿ ಪ್ರಕಾಶಕ್ಕೆ ಹೊಂದಿಸಿ ಕಳುಹಿಸಿರುತ್ತಾರೆ. ಆ ಪ್ರಕಾಶವನ್ನು ನಂಬಿ ಚಿತ್ರವನ್ನು ತಗ್ಗಿಸಿದವನಿಗೆ ಕಾಗದದಲ್ಲಿ ಕತ್ತಲೆ ಸಿಗುತ್ತದೆ. ಪರದೆಗೂ ಮುದ್ರಣಕ್ಕೂ ಒಂದು ಸಾಮಾನ್ಯ ಭಾಷೆ ಇರಲೆಂದೇ ಹ್ಯೂಲೆಟ್ ಪ್ಯಾಕರ್ಡ್ ಮತ್ತು ಮೈಕ್ರೋಸಾಫ್ಟ್ ಕಂಪನಿಗಳು 1996ರಲ್ಲಿ ಎಸ್‌ಆರ್‌ಜಿಬಿ ಎಂಬ ಬಣ್ಣದ ಒಪ್ಪಂದವನ್ನು ಮುಂದಿಟ್ಟವು. ಆ ಒಪ್ಪಂದವನ್ನು ಪಾಲಿಸುವ ಐಪಿಎಸ್ ಜಾತಿಯ ಪರದೆ, ಗಾಜಿನ ಮೇಲಿಟ್ಟು ಬಣ್ಣವನ್ನು ಅಳೆಯುವ ಒಂದು ಪುಟ್ಟ ಸಾಧನ, ಮತ್ತು ಕಿಟಕಿಯ ಬಿಸಿಲು ಬೀಳದ ಒಂದು ಮೂಲೆ, ಈ ಮೂರೂ ಸೇರಿದರೆ ಹಳೆಯ ಎನ್‌ಲಾರ್ಜರ್ ಲೆನ್ಸಿಗೆ ಸಮ. ನನ್ನ ಶಿಷ್ಯನ ತಂದೆ ಹೇಳಿದ್ದ ಮಾತಿನ ಹೊಸ ಅವತಾರವಿದು.

ಉಳಿದದ್ದು, ಅಳಿದದ್ದು

ಇದುವರೆಗೆ ಹೇಳಿದ್ದೆಲ್ಲ ವೇಗ ಮತ್ತು ಅಂದದ ವಿಚಾರ. ಈಗ ಹೇಳುವುದು ಬೇರೆ.

ನಮ್ಮ ಶಾಲೆಯಲ್ಲಿ ಕನ್ನಡ ಪಂಡಿತರಾಗಿದ್ದ ಹಿರಿಯ ಸಹೋದ್ಯೋಗಿಯೊಬ್ಬರು 2010ರಲ್ಲಿ ತೀರಿಕೊಂಡರು. ಕ್ಯಾಮೆರಾ ಕಂಡರೆ ಪಕ್ಕಕ್ಕೆ ಸರಿಯುವ ಸ್ವಭಾವ ಅವರದು. ಅವರ ಇತ್ತೀಚಿನ ಒಳ್ಳೆಯ ಚಿತ್ರಗಳಿದ್ದದ್ದು 2006ರಲ್ಲಿ ನಡೆದ ಮಗಳ ಮದುವೆಯಲ್ಲಿ ಮಾತ್ರ. ಆಲ್ಬಮ್ಮಿನಲ್ಲಿ ಅವರು ಇದ್ದಾರೆ. ಆದರೆ ಅಂದಿನ ಅಲಂಕಾರದ ಹುಚ್ಚಿನಲ್ಲಿ ಪುಟದ ಅಂಚಿಗೆ, ಹೂಬಳ್ಳಿಯ ಹಿಂದೆ, ಅರ್ಧ ಮಾಸಿದ ಹೊಗೆಯಂತೆ. ಮೂಲ ಚಿತ್ರ ಸಿಕ್ಕಿದರೆ ದೊಡ್ಡದು ಮಾಡಿಸೋಣವೆಂದು ಮನೆಯವರೊಡನೆ ನಾನೂ ಆ ಮದುವೆಯನ್ನು ತೆಗೆದ ಸ್ಟುಡಿಯೋಗೆ ಹೋದೆ. ಅದು ಬೇರೊಂದು ಊರಿನದು, ಹೆಸರು ಬೇಡ. ಆ ವರ್ಷದ ಹಾರ್ಡ್ ಡಿಸ್ಕ್ ವಿದ್ಯುತ್ತಿನ ಏರಿಳಿತದಲ್ಲಿ ಕೆಟ್ಟುಹೋಗಿತ್ತು. ಬೇರೆ ಪ್ರತಿ ಇರಲಿಲ್ಲ. ಮನೆಯವರಿಗೆ ಕೊಟ್ಟಿದ್ದ ಡಿವಿಡಿ ನಾಲ್ಕು ಮಳೆಗಾಲ ಕಂಡಿತ್ತು. ಯಾವ ಯಂತ್ರವೂ ಅದನ್ನು ಓದಲಿಲ್ಲ.

ಕೊನೆಗೆ ಚಿತ್ರ ಸಿಕ್ಕಿದ್ದು ನನ್ನ ಶಿಷ್ಯನ ಅಟ್ಟದಲ್ಲಿ. ಅವನ ತಂದೆ ತೆಗೆದಿದ್ದ, ಶಾಲಾ ಸಿಬ್ಬಂದಿಯ 1974ರ ಸಮೂಹ ಚಿತ್ರದ ನೆಗೆಟಿವ್ ಬೆಣ್ಣೆಕಾಗದದ ಲಕೋಟೆಯಲ್ಲಿ, ಇಸವಿ ಬರೆದಿಟ್ಟು, ಭದ್ರವಾಗಿತ್ತು. ಅದರಿಂದ ಪಂಡಿತರ ಮುಖವನ್ನು ಬಿಡಿಸಿ ದೊಡ್ಡದು ಮಾಡಿದೆವು. ಹೀಗೆ ಅರುವತ್ತು ದಾಟಿ ಹೋದವರ ಚಿತ್ರಕ್ಕೆ ಹಾರ ಹಾಕಿದಾಗ ಅದರೊಳಗಿಂದ ನೋಡುತ್ತಿದ್ದದ್ದು ಇಪ್ಪತ್ತೆಂಟರ ತರುಣ. ಅವರ ಮೊಮ್ಮಕ್ಕಳು ಆ ಮುಖವನ್ನು ಗುರುತಿಸಲಿಲ್ಲ. “ಇದು ಯಾರು?” ಎಂದು ಅಜ್ಜಿಯನ್ನು ಕೇಳಿದರು.

ಮೂವತ್ತಾರು ವರ್ಷದ ನೆಗೆಟಿವ್ ಉಳಿಯಿತು; ನಾಲ್ಕು ವರ್ಷದ ಡಿಸ್ಕ್ ಅಳಿಯಿತು. ಟ್ರೈಪ್‌ನ ಕಾಗದ ಉಳಿದಿರುವುದನ್ನು ಇದರೊಡನೆ ಹೋಲಿಸಿ ನೋಡಿದರೆ ಕಾರಣ ಸ್ಪಷ್ಟವಾಗುತ್ತದೆ. ಬೆಳ್ಳಿಯ ಚಿತ್ರ ಉಪೇಕ್ಷೆಯನ್ನು ಸಹಿಸಬಲ್ಲದು. ಅಟ್ಟದಲ್ಲಿ ಬಿಸುಟರೂ ಮಾಸುತ್ತದೆ, ಬೂಷ್ಟು ಹಿಡಿಯುತ್ತದೆ, ಆದರೂ ಏನೋ ಒಂದಿಷ್ಟು ಕಾಣುತ್ತದೆ. ಅಂಕೆಯ ಚಿತ್ರಕ್ಕೆ ಮಾಸುವುದು ಗೊತ್ತಿಲ್ಲ. ಇದ್ದರೆ ಪೂರ್ತಿ ಇರುತ್ತದೆ, ಹೋದರೆ ಪೂರ್ತಿ ಹೋಗುತ್ತದೆ. ಮನೆಯಲ್ಲಿ ಬರೆದ ಸಿಡಿ, ಡಿವಿಡಿಗಳಲ್ಲಿ ಮಾಹಿತಿ ನಿಲ್ಲುವುದು ಒಂದು ಬಗೆಯ ಬಣ್ಣದ ಪದರದಲ್ಲಿ. ಬೆಳಕು, ಸೆಕೆಗಳಿಗೆ ಅದು ಕೆಡುತ್ತದೆ. ತಿರುಗುವ ಡಿಸ್ಕಿಗೆ ಯಾಂತ್ರಿಕ ಆಯುಸ್ಸು. ಎಸ್‌ಎಸ್‌ಡಿಯಲ್ಲಿ ವಿದ್ಯುದಾವೇಶವೇ ಮಾಹಿತಿ. ವರ್ಷಗಟ್ಟಲೆ ವಿದ್ಯುತ್ತಿಲ್ಲದೆ ಬೀರುವಿನಲ್ಲಿಟ್ಟರೆ ಅದೂ ಸೋರಬಹುದು.

2011ರ ಕೊನೆಯಲ್ಲಿ ಥಾಯ್ಲೆಂಡಿನಲ್ಲಿ ಭಾರಿ ಪ್ರವಾಹ ಬಂದು ಹಾರ್ಡ್ ಡಿಸ್ಕ್ ಕಾರ್ಖಾನೆಗಳು ಮುಳುಗಿದವು. ಜಗತ್ತಿನಾದ್ಯಂತ ಡಿಸ್ಕುಗಳ ಬೆಲೆ ಏರಿತು. ಎರಡನೆಯ ಪ್ರತಿಗೆಂದು ಇಟ್ಟಿದ್ದ ಹಣ ಸಾಲದಾದಾಗ ಹಳೆಯ ಮದುವೆಗಳನ್ನು ಅಳಿಸಿ ಹೊಸ ಮದುವೆಗಳಿಗೆ ಜಾಗ ಮಾಡಿಕೊಂಡ ಸ್ಟುಡಿಯೋಗಳನ್ನು ನಾನು ಬಲ್ಲೆ. ಎಲ್ಲಿಯೋ ಹರಿದ ನದಿ ನಮ್ಮೂರಿನವರ ನೆನಪನ್ನೂ ಕೊಚ್ಚಿಕೊಂಡು ಹೋಯಿತು ಎಂದರೆ ಅದು ಉತ್ಪ್ರೇಕ್ಷೆಯಾಗದು.

ಪಂಡಿತರ ಪ್ರಸಂಗ ಕಣ್ಣಾರೆ ಕಂಡ ನನ್ನ ಶಿಷ್ಯ ಅಂದಿನಿಂದ ಒಂದು ಶಿಸ್ತನ್ನು ಪಾಲಿಸುತ್ತಿದ್ದಾನೆ. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚಾರಕ್ಕೆ ತಂದ ‘ಮೂರು, ಎರಡು, ಒಂದು’ ಎಂಬ ಸೂತ್ರವದು: ಪ್ರತಿಗಳು ಮೂರು ಇರಲಿ, ಅವು ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಪ್ರತಿ ಬೇರೆ ಕಟ್ಟಡದಲ್ಲಿರಲಿ. ಅವನ ಮೂರನೆಯ ಪ್ರತಿಯ ಡಿಸ್ಕ್ ಅತ್ತೆಮನೆಯ ಬೀರುವಿನಲ್ಲಿದೆ. ಎರಡು ಡಿಸ್ಕುಗಳಿಗೆ ಒಟ್ಟಿಗೇ ಬರೆಯುವ ರೇಡ್ ವ್ಯವಸ್ಥೆಯೊಂದಿದ್ದರೆ ಸಾಲದೆ ಎಂದು ಕೆಲವರು ಕೇಳುವುದುಂಟು. ಒಂದು ಡಿಸ್ಕ್ ಕೆಟ್ಟರೆ ಅದು ಕಾಯುತ್ತದೆ, ನಿಜ. ಆದರೆ ಕೈತಪ್ಪಿ ಅಳಿಸಿದ್ದನ್ನು ಎರಡರಲ್ಲೂ ಒಮ್ಮೆಗೇ ಅಳಿಸುತ್ತದೆ. ಕನ್ನಡಿಯಲ್ಲಿನ ಪ್ರತಿಬಿಂಬವನ್ನು ಎರಡನೆಯ ವ್ಯಕ್ತಿಯೆಂದು ಎಣಿಸಲಾಗದು.

ಇಂದಿನ ಬೆಲೆಪಟ್ಟಿ

ಈಚೆಗೆ ಅವನು ಮತ್ತೆ ಬಂದನು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರಿನಲ್ಲಿ ಮುಗಿದುದರಿಂದ ಹಳೆಯ ಯಂತ್ರವನ್ನು ಬದಲಿಸುವ ಕಾಲ ಬಂದಿತ್ತು. ಈ ಬಾರಿಯ ಪಟ್ಟಿಯಲ್ಲಿ ನನಗೆ ಕುತೂಹಲ ಹುಟ್ಟಿಸಿದ್ದು ಗ್ರಾಫಿಕ್ಸ್ ಕಾರ್ಡ್. 2004ರಲ್ಲಿ ಆಟವಾಡುವ ಹುಡುಗರಿಗಾಗಿ ಮಾಡಿದ ಕಾರ್ಡನ್ನು ಸ್ಟುಡಿಯೋದವರ ತಲೆಗೆ ಕಟ್ಟುವುದು ಕೆಲವು ಅಂಗಡಿಗಳ ವ್ಯಾಪಾರವಾಗಿತ್ತು. ಅಂದಿನ ಫೋಟೋಶಾಪಿಗೆ ಅದರ ಉಪಯೋಗವೇ ಇರಲಿಲ್ಲ. ಇಂದು ಮಾತು ತಿರುಗಿದೆ. ಮಂದ ಬೆಳಕಿನ ಚಿತ್ರದ ಮರಳುಮರಳನ್ನು ಕೃತಕ ಬುದ್ಧಿಮತ್ತೆಯಿಂದ ನೀಗಿಸುವ ಸೌಲಭ್ಯ 2023ರಲ್ಲಿ ಲೈಟ್‌ರೂಮಿಗೆ ಬಂತು. ಆ ಕೆಲಸದ ಭಾರ ಬೀಳುವುದು ಗ್ರಾಫಿಕ್ಸ್ ಕಾರ್ಡಿನ ಮೇಲೆಯೇ. ಅಂದು ಸುಳ್ಳಾಗಿದ್ದ ಮಾತು ಇಂದು ನಿಜ. ಆದಕಾರಣ ಯಾವ ಸಲಹೆಯನ್ನೂ ಅದರ ಇಸವಿಯನ್ನು ಕೇಳದೆ ಸ್ವೀಕರಿಸಬಾರದು.

ನಾವಿಬ್ಬರೂ ಕೂಡಿ ಮಾಡಿದ ಲೆಕ್ಕ ಹೀಗಿತ್ತು. ಅವನ ಕ್ಯಾಮೆರಾ 2 ಕೋಟಿ 40 ಲಕ್ಷ ಬಿಂದುಗಳದು. ಒಂದು ರಾ ಕಡತ ಸುಮಾರು 25 ಎಂಬಿ. ಮದುವೆಯೊಂದಕ್ಕೆ 3000 ಚಿತ್ರವೆಂದರೆ 75 ಜಿಬಿ. ವರ್ಷಕ್ಕೆ 40 ಮದುವೆಗಳಾದರೆ 3000 ಜಿಬಿ, ಅಂದರೆ ಮೂರು ಟಿಬಿ. ಮೂರು ಪ್ರತಿಗಳಿಗೆ ಒಂಬತ್ತು. ಮೊದಲು ಇದಕ್ಕೆ ಹಣ ತೆಗೆದಿಟ್ಟೆವು. ಅನಂತರ ಯುಪಿಎಸ್, ಬರೆಯುತ್ತಿರುವಾಗ ಕರೆಂಟು ಹೋದರೆ ಕಡತವಷ್ಟೇ ಅಲ್ಲ, ಡಿಸ್ಕಿನ ವ್ಯವಸ್ಥೆಯೇ ಕೆಡಬಹುದು. ಆಮೇಲೆ ಪರದೆ. ಆಮೇಲೆ 32 ಜಿಬಿ ರ್‍ಯಾಮ್, ನಡೆಯುತ್ತಿರುವ ಕೆಲಸಕ್ಕೊಂದು ವೇಗದ ಎಸ್‌ಎಸ್‌ಡಿ. ಉಳಿದ ಹಣಕ್ಕೆ ತಕ್ಕ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್. ಅಂಗಡಿಯವರ ಪಟ್ಟಿಯನ್ನು ನಾವು ಕೆಳಗಿನಿಂದ ಮೇಲಕ್ಕೆ ಓದಿದೆವು ಎಂದರೂ ನಡೆದೀತು.

ಆ್ಯಪಲ್ ಯಂತ್ರಗಳ ವಿಚಾರವನ್ನೂ ಕೇಳಿದನು. 2020ರ ಎಂ1 ಚಿಪ್ಪಿನಿಂದೀಚೆಗೆ ಅವು ಚಿತ್ರದ ಕೆಲಸಕ್ಕೆ ಬಹಳ ಸಮರ್ಥ, ವಿದ್ಯುತ್ತನ್ನೂ ಮಿತವಾಗಿ ಬಳಸುತ್ತವೆ. ಆದರೆ ಅವುಗಳ ರ್‍ಯಾಮನ್ನು ಆಮೇಲೆ ಹೆಚ್ಚಿಸಲಾಗದು. ಕೊಳ್ಳುವ ದಿನವೇ ಮುಂದಿನ ಐದಾರು ವರ್ಷಗಳನ್ನು ಊಹಿಸಬೇಕು. ತಾಲ್ಲೂಕಿನಲ್ಲಿ ಕೆಟ್ಟರೆ ಬಿಚ್ಚಿ ನೋಡುವವರು ಯಾರು ಎಂಬುದೂ ಒಂದು ಪ್ರಶ್ನೆ. ಬೆಂಗಳೂರಿನವನಾಗಿದ್ದರೆ ಉತ್ತರ ಬೇರೆಯಿರುತ್ತಿತ್ತು. ಅವನು ಬಿಡಿಭಾಗಗಳ ಯಂತ್ರವನ್ನೇ ಆರಿಸಿಕೊಂಡನು.

ಇಷ್ಟರಿಂದಲೇ ಎಲ್ಲವೂ ಭದ್ರವೆಂದು ಹೇಳಲಾರೆ. ಐದಾರು ವರ್ಷಕ್ಕೊಮ್ಮೆ ಹಳೆಯ ಡಿಸ್ಕಿನದನ್ನು ಹೊಸದಕ್ಕೆ ನಕಲು ಮಾಡುತ್ತಲೇ ಇರಬೇಕು. 2004ರ ಡಿಸ್ಕ್ ಇಂದು ಕೆಡದೆ ಉಳಿದಿದ್ದರೂ ಅದರ ಅಗಲವಾದ ಪಟ್ಟಿಯನ್ನು ಚುಚ್ಚುವ ಜಾಗ ಹೊಸ ಯಂತ್ರಗಳಲ್ಲಿಲ್ಲ. ನಮ್ಮ ಹಿಂದಿನವರು ಓಲೆಗರಿಗಳನ್ನು ಉಳಿಸಿದ್ದೂ ಹೀಗೆಯೇ: ಗರಿ ಜೀರ್ಣವಾಗುವ ಮೊದಲು ಲಿಪಿಕಾರನೊಬ್ಬ ಕುಳಿತು ಹೊಸ ಗರಿಗೆ ಪ್ರತಿ ಮಾಡುತ್ತಿದ್ದನು. ಹಳಗನ್ನಡದ ಕಾವ್ಯಗಳು ನಮ್ಮ ಕೈಸೇರಿದ್ದು ಗರಿಯ ಗಟ್ಟಿತನದಿಂದಲ್ಲ, ಹೆಸರೂ ಉಳಿಯದ ಆ ಲಿಪಿಕಾರರ ಬೆನ್ನುನೋವಿನಿಂದ. ಇಂದಿನ ಸ್ಟುಡಿಯೋದವನೂ ತನ್ನ ಊರಿನ ಲಿಪಿಕಾರನೇ. ಮದುವೆ, ನಾಮಕರಣ, ಶಾಲೆಯ ಸಮೂಹ ಚಿತ್ರ, ಕೊನೆಗೆ ಹಾರ ಹಾಕುವ ಮುಖ ಎಲ್ಲವೂ ಅವನ ಸುಪರ್ದಿನಲ್ಲಿವೆ.

ಆದಕಾರಣ ಮಕ್ಕಳ ಮದುವೆಗೆ ಛಾಯಾಗ್ರಾಹಕರನ್ನು ಗೊತ್ತುಮಾಡುವ ಓದುಗರಲ್ಲಿ ನನ್ನದೊಂದು ಬಿನ್ನಹ. ಕ್ಯಾಮೆರಾ ಯಾವುದು, ಡ್ರೋನ್ ಇದೆಯೇ ಎಂದು ಕೇಳುವಾಗ ಇದನ್ನೂ ಕೇಳಿರಿ: “ಚಿತ್ರಗಳ ಪ್ರತಿ ಎಷ್ಟು ಕಡೆ ಇಡುತ್ತೀರಿ? ಎಷ್ಟು ವರ್ಷ ಇಡುತ್ತೀರಿ?” ಎರಡು ಡಿಸ್ಕಿನ ಬೆಲೆಯನ್ನು ಹೆಚ್ಚು ಕೇಳಿದರೆ ಚೌಕಾಸಿ ಮಾಡದೆ ಕೊಡಿರಿ. ಮನೆಯ ಹಿರಿಯರ ಮುಖಗಳಿರುವ ಹತ್ತು ಚಿತ್ರಗಳನ್ನು, ಯಾವ ಹೂಬಳ್ಳಿಯ ಅಲಂಕಾರವೂ ಇಲ್ಲದೆ, ಒಳ್ಳೆಯ ಕಾಗದದ ಮೇಲೆ ಮುದ್ರಿಸಿ, ಹಿಂಬದಿಯಲ್ಲಿ ಹೆಸರು, ಇಸವಿ ಬರೆದಿಡಿರಿ. ಕಾಗದವನ್ನು ಓದಲು ಯಾವ ಯಂತ್ರವೂ ಬೇಡ.